ಹಾಲಿನ ಸಂಘದ ಹಿಂದಿನ ವೀರಗಲ್ಲು

ನಾನು ಪಶು ಆಹಾರ ಮಾರುವವನು. ಶಿಕಾರಿಪುರ, ಸೊರಬ ಕಡೆಯ ಹಳ್ಳಿಗಳಲ್ಲಿ ಬೆಳಗ್ಗೆ ಹಾಲು ಅಳೆಯುವ ಹೊತ್ತಿಗೆ ಸಂಘದ ಮುಂದೆ ನಿಂತರೆ ರೈತರೆಲ್ಲ ಒಟ್ಟಿಗೆ ಸಿಗುತ್ತಾರೆ. ಕ್ಯಾನು ಲಾರಿ ಹತ್ತಿದ ಮೇಲೆ ಅವರು ಗದ್ದೆಗೆ, ತೋಟಕ್ಕೆ ಹೊರಡುತ್ತಾರೆ. ನನಗೆ ಬಿಡುವು. ಆ ಬಿಡುವಿನಲ್ಲಿ ಹತ್ತಿಕೊಂಡ ಹುಚ್ಚು ಇದು, ವೀರಗಲ್ಲು ನೋಡುವುದು. ಕಾಳಗದಲ್ಲಿ ಸತ್ತವನ ನೆನಪಿಗೆ ನಿಲ್ಲಿಸಿದ ಕೆತ್ತನೆಯ ಕಲ್ಲು ಅದು.

ಯುದ್ಧ ನಡೆದ ಜಾಗ ನೋಡಬೇಕು ಅಂದ್ರೆ ಎಲ್ಲರೂ ಕೋಟೆಗೆ ಹೋಗುತ್ತಾರೆ. ನಗರ, ಕವಲೇದುರ್ಗ. ಹೋಗಲಿ ಬಿಡಿ, 1763ರಲ್ಲಿ ಹೈದರಾಲಿ ಬಿದನೂರು, ಅಂದರೆ ಇದೇ ನಗರ, ಹಿಡಿದದ್ದು ಸಣ್ಣ ಸಂಗತಿಯೇನಲ್ಲ. ಆದ್ರೆ ನಮ್ಮ ಸೀಮೆಯಲ್ಲಿ ಕಾಳಗ ನಡೆದದ್ದು ಜಾಸ್ತಿ ಕೆರೆ ಏರಿಯ ಮೇಲೆ, ಊರ ಬಾಗಿಲಲ್ಲಿ, ದನ ಮೇಯುವ ಬ್ಯಾಣದಲ್ಲಿ. ಅಲ್ಲೆಲ್ಲ ಪುರಾತತ್ವ ಇಲಾಖೆಯ ಫಲಕ ಇರುವುದಿಲ್ಲ. ಕಲ್ಲೇ ಫಲಕ.

ನನಗೆ ಇಷ್ಟವಾದ ಕಲ್ಲು ಸೊರಬದಾಚೆಯ ಒಂದು ಊರಿನಲ್ಲಿದೆ. ನಿಧಿ ಆಸೆಯವರ ಕಾಟ ಇರುವುದರಿಂದ ಊರ ಹೆಸರು ಹೇಳುವುದಿಲ್ಲ. ಹಾಲಿನ ಸಂಘದ ಹಿಂದೆ, ಲಂಟಾನದ ಮಟ್ಟಿ ಪಕ್ಕ ನಿಂತಿದೆ. ಎದೆಮಟ್ಟದ ಎತ್ತರ, ಮೂರು ಪಟ್ಟಿಕೆ, ಅಂದರೆ ಒಂದರ ಮೇಲೊಂದು ಕೆತ್ತನೆಯ ಸಾಲು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ. ನಡುವೆ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ, ತಲೆಯ ಮೇಲೆ ಸೂರ್ಯ ಚಂದ್ರ. ಜೈನನಾಗಿದ್ದರೆ ಲಿಂಗದ ಜಾಗದಲ್ಲಿ ಜಿನ. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಶಾಸನ.

ಮೇಲಿನ ಎರಡು ಪಟ್ಟಿಕೆ ಎಲ್ಲ ಕಲ್ಲಲ್ಲೂ ಹೆಚ್ಚುಕಮ್ಮಿ ಒಂದೇ. ಕೆಳಗಿನದರಲ್ಲಿ ಕೂತು ನೋಡುವಷ್ಟು ಇರುತ್ತದೆ. ಈ ಕಲ್ಲಿನಲ್ಲಿ ಬಿಲ್ಲು ಎಳೆದು ನಿಂತ ಒಬ್ಬ, ಅವನ ಕಾಲ ಬಳಿ ಬಿದ್ದ ಇನ್ನೊಬ್ಬ. ಹಿಂದೆ ದನಗಳ ಸಾಲು. ಕೊನೆಯ ದನ ಮಾತ್ರ ಕತ್ತು ತಿರುಗಿಸಿ ಹಿಂದಕ್ಕೆ ನೋಡುತ್ತಿದೆ. ಕೆತ್ತಿದವನು ದನ ಕಂಡವನೇ ಇರಬೇಕು. ಹಿಂಡು ಅಟ್ಟುವಾಗ ಒಂದಾದರೂ ಹಾಗೆ ನಿಂತೇ ನಿಲ್ಲುತ್ತದೆ. ಗಿಡ್ಡ ಮೈ, ಸಣ್ಣ ಕೊಂಬು. ನನ್ನ ಕಣ್ಣಿಗೆ ಅಪ್ಪಟ ಮಲೆನಾಡು ಗಿಡ್ಡ. ಸೊಪ್ಪು, ಕರಡ ಮೇಯ್ದು ಬದುಕುವ ಜಾತಿ. ಅವತ್ತು ನಾನು ಹೋಗಿದ್ದರೆ ಒಂದು ಮೂಟೆ ವ್ಯಾಪಾರವೂ ಆಗುತ್ತಿರಲಿಲ್ಲ.

ದನಕ್ಕಾಗಿ ಸಾಯುವುದಾ ಅಂತ ಈಗ ಅನ್ನಿಸಬಹುದು. ಆಗ ದನವೇ ಆಸ್ತಿ. ಎದುರಾಳಿಯ ನಾಡಿಗೆ ನುಗ್ಗಿ ಮೊದಲು ತುರು, ಅಂದರೆ ದನ, ಹೊಡೆದುಕೊಂಡು ಹೋಗುವುದು, ಅದೇ ಜಗಳದ ಶುರು. ಶಾಸನದಲ್ಲಿ ‘ತುರುವಂ ಮಗುಳ್ಚಿ’ ಅಂತ ಕಂಡರೆ, ದನ ಬಿಡಿಸಿ ಊರಿಗೆ ಕಳಿಸಿ ತಾನು ಸತ್ತ ಅಂತ ಲೆಕ್ಕ. ‘ಪೆಣ್ಬುಯ್ಯಲ್’ ಅಂದರೆ ಹೆಣ್ಣುಮಕ್ಕಳ ಮೇಲೆ ಕೈಮಾಡಿದವರನ್ನು ತಡೆದದ್ದು. ‘ಊರಳಿವು’ ಅಂದರೆ ಊರೇ ಹಾಳಾದ ದಿನ. ಸತ್ತವನ ಮನೆಯವರಿಗೆ ಭೂಮಿ ಬಿಡುತ್ತಿದ್ದರು. ನೆತ್ತರುಗೊಡಗೆ ಅನ್ನುತ್ತಿದ್ದದ್ದು ಅದಕ್ಕೇ.

ಇಲ್ಲಿ ಕಲ್ಲು ಇಷ್ಟೊಂದು ಯಾಕೆ ಅಂದ್ರೆ, ಈ ನಾಡು ಎಲ್ಲರಿಗೂ ಬೇಕಿತ್ತು. ಬನವಾಸಿ ಹನ್ನೆರಡು ಸಾವಿರ ಅಂತ ಆಗಿನ ಒಂದು ಪ್ರಾಂತ್ಯದ ಹೆಸರು, ಅದಕ್ಕೆ ಬಳ್ಳಿಗಾವಿ ರಾಜಧಾನಿ. ಭತ್ತ, ಅಡಿಕೆ, ಘಟ್ಟ ಇಳಿಯುವ ದಾರಿ. ರಾಷ್ಟ್ರಕೂಟರು, ಚಾಲುಕ್ಯರು, ಕಳಚುರಿಗಳು, ಹೊಯ್ಸಳರು, ಸೇವುಣರು, ಸಾಲಾಗಿ ಬಂದರು. ಹೊರಗಿನವರು ಸಾಲದು ಅಂತ ಮನೆಯೊಳಗಿನ ಜಗಳ ಬೇರೆ. ಚಾಲುಕ್ಯ ವಿಕ್ರಮಾದಿತ್ಯ 1076ರಲ್ಲಿ ಅಣ್ಣ ಸೋಮೇಶ್ವರನನ್ನು ಇಳಿಸಿ ಪಟ್ಟಕ್ಕೆ ಕೂತ. ತಮ್ಮ ಜಯಸಿಂಹನಿಗೆ ಬನವಾಸಿ ಕೊಟ್ಟ. ಆ ತಮ್ಮ ಇವನ ಮೇಲೇ ದಂಡು ಕಟ್ಟಿಕೊಂಡು ಹೋಗಿ ಸೋತ. ಇಂಥ ಅಣ್ಣತಮ್ಮಂದಿರ ಜಗಳಕ್ಕೆ ಆಳು ಕೊಟ್ಟವರು ಯಾರು? ಇದೇ ಊರುಗಳ ಗಾವುಂಡರು, ಅಂದರೆ ಊರ ಮುಖ್ಯಸ್ಥರು, ಅವರ ಆಳುಗಳು.

ಅನೇಕ ವೀರಗಲ್ಲುಗಳಲ್ಲಿ ಒಂದು ಸಂಸ್ಕೃತ ಶ್ಲೋಕ ಬರುತ್ತದೆ. ಗೆದ್ದರೆ ಲಕ್ಷ್ಮಿ ಸಿಗುತ್ತಾಳೆ, ಸತ್ತರೆ ಅಪ್ಸರೆ ಸಿಗುತ್ತಾಳೆ, ಕ್ಷಣದಲ್ಲಿ ಅಳಿಯುವ ಈ ದೇಹಕ್ಕೆ ರಣದಲ್ಲಿ ಸಾಯುವ ಚಿಂತೆ ಏಕೆ ಅಂತ. ಬರೆದ ಪುಣ್ಯಾತ್ಮ ರಣಕ್ಕೆ ಹೋದವನಲ್ಲ ಅಂತ ನನ್ನ ಗುಮಾನಿ. ಸತಿ ಹೋದವಳ ನೆನಪಿನ ಮಾಸ್ತಿಕಲ್ಲು ನೋಡಿದರೆ ಗೊತ್ತಾಗುತ್ತದೆ. ಕಂಬದಿಂದ ಹೊರಬಂದ ಒಂದು ತೋಳು, ತುಂಬ ಬಳೆ, ಬೆರಳ ನಡುವೆ ನಿಂಬೆಹಣ್ಣು. ಅವಳ ಚಿಂತೆ ಆ ಶ್ಲೋಕದಲ್ಲಿ ಇಲ್ಲ.

ಕಲಿಯುವವರಿಗೆ ಶಿವಮೊಗ್ಗದ ಶಿವಪ್ಪ ನಾಯಕ ಅರಮನೆ ಒಳ್ಳೆಯದು. ಅಂಗಳದಲ್ಲಿ ವೀರಗಲ್ಲು, ಮಾಸ್ತಿಕಲ್ಲು ಸಾಲಾಗಿ ನಿಂತಿವೆ. ಬಳ್ಳಿಗಾವಿಯ ಕೇದಾರೇಶ್ವರದ ಹತ್ತಿರವೂ ಇವೆ. ಅಲ್ಲಿ ಕಣ್ಣು ಪಳಗಿಸಿಕೊಂಡು ಆಮೇಲೆ ಹಳ್ಳಿಗೆ ಹೋಗಿ. ಯಾಕಂದ್ರೆ ಅಂಗಳಕ್ಕೆ ತಂದ ಕಲ್ಲಿನಲ್ಲಿ ಯಾರು ಸತ್ತರು ಅನ್ನುವುದು ಉಳಿದಿದೆ, ಎಲ್ಲಿ ಅನ್ನುವುದು ಹೋಗಿದೆ. ನಾನು ಹೇಳಿದ ಕಲ್ಲಿನ ಮುಂದೆ ನಿಂತರೆ ಎಡಕ್ಕೆ ಕೆರೆ, ಬಲಕ್ಕೆ ಬ್ಯಾಣ, ಎದುರಿಗೆ ಕಾಡಿಗೆ ಇಳಿಯುವ ಓಣಿ. ದನ ಹೊಡೆದುಕೊಂಡು ಹೋಗುವವನಿಗೆ ಆ ಓಣಿ ಬಿಟ್ಟರೆ ಬೇರೆ ದಾರಿಯೇ ಇಲ್ಲ. ಬಿಲ್ಲು ಹಿಡಿದವನು ಓಣಿಯ ಬಾಯಿಗೆ ಅಡ್ಡ ನಿಂತಿರಬೇಕು. ಇದು ಯಾವ ಶಾಸನದಲ್ಲೂ ಬರೆದಿಲ್ಲ. ಅಲ್ಲಿ ನಿಂತರೆ ಮಾತ್ರ ಹೊಳೆಯುತ್ತದೆ.

ಹೋಗುವ ಮುಂಚೆ ಬಿ.ಎಲ್. ರೈಸ್ ಅವರ ಶಾಸನ ಸಂಪುಟಗಳು, ಎಪಿಗ್ರಾಫಿಯ ಕರ್ನಾಟಿಕ, ತಿರುವಿ ನೋಡಿ. 7ನೇ ಸಂಪುಟದಲ್ಲಿ ಶಿಕಾರಿಪುರ, 8ರಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ. ಮಳೆಗಾಲದಲ್ಲಿ ಪಾಚಿ ಕಟ್ಟಿ ಏನೂ ಕಾಣಲ್ಲ. ಚಳಿಗಾಲದ ಎಳೆಬಿಸಿಲು ಪಕ್ಕದಿಂದ ಬಿದ್ದಾಗ ಅಕ್ಷರ ಎದ್ದು ಕಾಣುತ್ತವೆ. ಬಿಸಿಲಿಲ್ಲದಿದ್ದರೆ ಮೊಬೈಲ್ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹಿಡಿದು ನೋಡಿ. ತಂತಿ ಬ್ರಷ್ಷು, ಸೀಮೆಸುಣ್ಣ ದಯವಿಟ್ಟು ಬೇಡ. ಬುಡ ಅಗೆಯುವವರಿಗೂ ಒಂದು ಮಾತು: ದನ ಕಾಯಲು ಹೋಗಿ ಸತ್ತವನ ಕಾಲ ಕೆಳಗೆ ಬಂಗಾರ ಯಾಕಿರುತ್ತೆ ಮಾರಾಯ್ರೆ?

ಆ ಊರಲ್ಲಿ ಕಲ್ಲಿಗೆ ವೀರಪ್ಪ ಅನ್ನುತ್ತಾರೆ. ಹಸು ಕರು ಹಾಕಿದರೆ ಗಿಣ್ಣುಹಾಲು ಮೊದಲು ಅವನಿಗೆ. “ಅವ ನಮ್ಮ ದನ ಕಾಯ್ತಾನೆ ಕಣೋ ತಮ್ಮ” ಎಂದರು ಹಾಲು ಹಾಕಲು ಬಂದಿದ್ದ ಒಬ್ಬ ಅಜ್ಜ. ಅಜ್ಜನಿಗೆ ಶಾಸನ ಓದಲು ಬರುವುದಿಲ್ಲ, ವಿಷಯ ಮಾತ್ರ ಸರಿಯಾಗೇ ಗೊತ್ತಿದೆ.

ಈಗ ಸಂಘದ ಹುಡುಗರು ವೀರಪ್ಪನಿಗೆ ಕಾಂಕ್ರೀಟ್ ಕಟ್ಟೆ ಕಟ್ಟಿ, ಟೈಲ್ಸ್ ಹಾಕಿ, ಬೆಳ್ಳಿ ಬಣ್ಣ ಬಳಿಯಬೇಕು ಅಂತ ಹೊರಟಿದ್ದಾರೆ. ಭಕ್ತಿಯಿಂದಲೇ. ಆದ್ರೆ ಕಟ್ಟೆ ಎದ್ದರೆ ಕೆಳಗಿನ ಪಟ್ಟಿಕೆ ಅರ್ಧ ಸಿಮೆಂಟಿನೊಳಗೆ ಹೋಗುತ್ತದೆ, ದನಗಳ ಸಮೇತ. ತಗಡಿನ ಮಾಡು ಹಾಕಿ, ಸುತ್ತ ಬೇಲಿ ಕಟ್ಟಿ, ಕಲ್ಲನ್ನು ಮುಟ್ಟಬೇಡಿ ಅಂತ ಹೇಳಿ ಬಂದಿದ್ದೇನೆ. ಕಾರ್ಯದರ್ಶಿ ಒಪ್ಪಿದ ಹಾಗೆ ಕಾಣುತ್ತಾರೆ. ಹುಡುಗರು ಬಣ್ಣದ ಡಬ್ಬ ಆಗಲೇ ತಂದಿಟ್ಟಿದ್ದಾರೆ.