ತೀರ್ಥಹಳ್ಳಿಯಲ್ಲೊಂದು ಹೆಂಚಿನ ಮನೆ

ತೀರ್ಥಹಳ್ಳಿಯಲ್ಲಿ ಹಳೇ ಹೆಂಚಿನ ಮನೆಯೊಂದು ನಮ್ಮದಾಯಿತು. ತುಂಗಾ ಹೊಳೆಗೆ ನಡೆದೇ ಹೋಗಬಹುದು. ಮಲೆನಾಡಿನಲ್ಲಿ ಮನೆ ಕೊಳ್ಳುವವರು ಆಷಾಢದ ಜಡಿಮಳೆಯಲ್ಲೊಮ್ಮೆ ಬಂದು ನೋಡಲೇಬೇಕು. ಮಾಡು ಎಲ್ಲಿ ಸೋರುತ್ತದೆ, ಯಾವ ಗೋಡೆ ನೀರು ಕುಡಿದಿದೆ ಅನ್ನುವುದು ಆಗಲೇ ಗೊತ್ತಾಗುವುದು. ಬಾವಿಯನ್ನು ಮಾತ್ರ ಏಪ್ರಿಲ್ ಕೊನೆಯಲ್ಲೇ ನೋಡಬೇಕು. ಮನೆಯ ಕಾಗದಪತ್ರ, ಅಂದರೆ ಇ-ಖಾತೆ, ಇಸಿ (ಋಣಭಾರ ಪ್ರಮಾಣಪತ್ರ) ಎಲ್ಲ ಸರಿಯಿತ್ತು.

ಪಕ್ಕದ ಮನೆಯ ಅಮ್ಮ ಎಷ್ಟಕ್ಕೆ ತಗೊಂಡಿರಿ ಅಂತ ಕೇಳಲಿಲ್ಲ. "ಮಳೆಗಾಲಕ್ಕೆ ಸೌದೆ ಮಾಡ್ಕಂಡ್ರಾ?" ಅಂದರು. ಎಷ್ಟು ಖುಷಿಯಾಯಿತು! ನಾವು ಇಲ್ಲೇ ಇರುತ್ತೇವೆ ಅಂತ ನಂಬಿ ಕೇಳಿದ ಮಾತು, ಅಲ್ವಾ? ಈ ಬೀದಿಯಲ್ಲಿ ಬೀಗ ಹಾಕಿದ ಮನೆಗಳು ಜಾಸ್ತಿಯಾಗಿವೆ. ಮಕ್ಕಳೆಲ್ಲ ಬೆಂಗಳೂರಿನಲ್ಲಿದ್ದಾರೆ.

ಬಚ್ಚಲೊಲೆಗೆ ಸೌದೆ ಇನ್ನೂ ಆಗಿಲ್ಲ. ಕೊಡುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ.