ಆರು ನಿಮಿಷದ ಟಿಕ್ ಟಿಕ್

ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಮಾತ್ರ ಬರುತ್ತಿತ್ತು ಆ ಸದ್ದು. ಮೇಜಿನ ಮೇಲೆ ಉಗುರಿನಿಂದ ಬೇಗ ಬೇಗ ಕುಟ್ಟಿದ ಹಾಗೆ, ಟಿಕ್ ಟಿಕ್ ಟಿಕ್. ಆಕ್ಸಿಲರೇಟರ್ ಒತ್ತಿದರೆ ಅದರ ವೇಗವೂ ಏರುತ್ತಿತ್ತು, ದನಿಯೂ ಚುರುಕಾಗುತ್ತಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಾಯ. ಗ್ಯಾರೇಜ್ ತಲುಪುವ ಹೊತ್ತಿಗೆ ಇಂಜಿನ್ ಬಿಸಿಯಾಗಿ, ಕೇಳಿಸಲು ಏನೂ ಉಳಿದಿರುತ್ತಿರಲಿಲ್ಲ.

ಮೊದಲು ಗಮನಿಸಿದ್ದು ಅಮ್ಮ. ಅವಳು ಯಾವಾಗಲೂ ಮುಂದಿನ ಸೀಟಿನಲ್ಲೇ ಕೂರುವುದು. "ಹೊಲಿಗೆ ಮೆಷಿನ್ ಥರ ಸದ್ದು ಬರ್ತಿದೆಯಲ್ಲೋ," ಅಂದಳು. ಎರಡು ದಿನ ಬಿಟ್ಟು, "ಏನೋ ಕಮಟು ವಾಸನೆ," ಅಂತ ತನ್ನ ಮುಂದಿದ್ದ ಗಾಳಿಯ ಕಿಂಡಿಯನ್ನು ಮುಚ್ಚಿದಳು. ಸದ್ದನ್ನು ಕೇಳಿಸಿಕೊಂಡೆ, ವಾಸನೆಯ ಮಾತನ್ನು ಬಿಟ್ಟುಬಿಟ್ಟೆ. ಆ ಎರಡನ್ನೂ ಅವತ್ತೇ ಸೇರಿಸಿ ನೋಡಿದ್ದರೆ ಮೂರು ವಾರ ಉಳಿಯುತ್ತಿತ್ತು.

ಕಾರು ಹನ್ನೊಂದು ವರ್ಷ ಹಳೆಯದು. ಪೆಟ್ರೋಲ್, ನಾಲ್ಕು ಸಿಲಿಂಡರ್, ಓಡಿರುವುದು 1,18,000 ಕಿಲೋಮೀಟರ್. ಮೊದಲು ತೋರಿಸಿದ ಗ್ಯಾರೇಜಿನಲ್ಲಿ, "ಟ್ಯಾಪೆಟ್ ಸಾರ್, ಹೆಡ್ ಕವರ್ ಬಿಚ್ಚಿ ನೋಡಬೇಕು," ಅಂದರು. ಅದು ತೀರಾ ತಪ್ಪು ಊಹೆಯೇನಲ್ಲ. ಇಂಜಿನ್ ಮೇಲ್ಭಾಗದಿಂದ ಸಣ್ಣಗೆ ಟಿಕ್ ಟಿಕ್ ಬಂದರೆ ಯಾರಿಗಾದರೂ ಮೊದಲು ಹೊಳೆಯುವುದು ಟ್ಯಾಪೆಟ್ಟೇ, ಅಂದರೆ ವಾಲ್ವ್ ತೆರೆಯಲು ಅದನ್ನು ಒತ್ತುವ ಸಣ್ಣ ಭಾಗ. ಆಯಿಲ್ ಬದಲಾಯಿಸಿದರು, ಫಿಲ್ಟರ್ ಬದಲಾಯಿಸಿದರು. ಮರುದಿನ ಬೆಳಿಗ್ಗೆ ಸದ್ದು ಹಾಗೇ ಇತ್ತು. ಹೆಡ್ ಕವರ್ ಬಿಚ್ಚುವ ಮುಂಚೆ ನಾನೇ ಒಂದಷ್ಟು ದಿನ ಕಿವಿಗೊಟ್ಟು ನೋಡುತ್ತೇನೆ ಅಂತ ಹೇಳಿ ಕಾರು ವಾಪಸ್ ತಂದೆ.

ಮೊದಲು ಗಡಿಯಾರ ಹಿಡಿದು ಕೂತೆ. ರಾತ್ರಿಯಿಡೀ ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡಿ ಸದ್ದು ಯಾವಾಗ ನಿಲ್ಲುತ್ತದೆ ಅಂತ ಬರೆದಿಟ್ಟೆ. ಒಂದು ದಿನ ಆರು ನಿಮಿಷ, ಮರುದಿನ ಆರೂವರೆ, ಅದರ ಮರುದಿನ ಆರಕ್ಕೆ ಸ್ವಲ್ಪ ಕಡಿಮೆ. ಆಯಿಲ್ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಟ್ಯಾಪೆಟ್‌ನಲ್ಲಿ ಆಯಿಲ್ ಇಳಿದು ಖಾಲಿಯಾಗಿ ಸದ್ದು ಬಂದರೆ, ಸಾಮಾನ್ಯವಾಗಿ ಪ್ರೆಶರ್ ಏರಿದ ಕೆಲವೇ ಸೆಕೆಂಡಿನಲ್ಲಿ ಅಡಗಬೇಕು. ಆರು ನಿಮಿಷ ಆಯಿಲ್‌ನ ಲೆಕ್ಕಕ್ಕೆ ಹೊಂದುವುದಿಲ್ಲ, ಲೋಹ ಬಿಸಿಯಾಗಿ ಹಿಗ್ಗುವ ಲೆಕ್ಕಕ್ಕೆ ಹೊಂದುತ್ತದೆ. ಟೆಂಪರೇಚರ್ ಮುಳ್ಳು ನಡುಮಧ್ಯಕ್ಕೆ ಬರುವುದಕ್ಕೂ ಸದ್ದು ಅಡಗುವುದಕ್ಕೂ ಹೆಚ್ಚುಕಡಿಮೆ ಒಂದೇ ಹೊತ್ತು.

ಆಮೇಲೆ ಎಣಿಕೆ. ಬಾನೆಟ್ ತೆರೆದು, ತಣ್ಣಗಿನ ಇಂಜಿನ್ 1200 ಆರ್‌ಪಿಎಂನಲ್ಲಿ ಓಡುತ್ತಿರುವಾಗ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಕಂಪ್ಯೂಟರಿನಲ್ಲಿ ಆ ಧ್ವನಿಯ ಅಲೆಯನ್ನು ಹಿಗ್ಗಿಸಿ ನೋಡಿದರೆ ಪ್ರತಿ ಟಿಕ್ಕಿಗೂ ಒಂದು ಚೂಪು ಗೆರೆ. ಐದು ಸೆಕೆಂಡಿನಲ್ಲಿ ಎಷ್ಟಿವೆ ಅಂತ ಎಣಿಸಿದೆ. ಐವತ್ತು, ಇನ್ನೊಂದು ಸಲ ಎಣಿಸಿದಾಗ ನಲವತ್ತೊಂಬತ್ತು. ಅಂದರೆ ಸೆಕೆಂಡಿಗೆ ಹತ್ತು.

ಈ ಹತ್ತು ನನಗೆ ಬಹಳ ದೊಡ್ಡ ಸುಳಿವು. 1200 ಆರ್‌ಪಿಎಂ ಅಂದರೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ, ಕ್ರ್ಯಾಂಕ್, ಸೆಕೆಂಡಿಗೆ ಇಪ್ಪತ್ತು ಸುತ್ತು ತಿರುಗುತ್ತದೆ. ಫೋರ್ ಸ್ಟ್ರೋಕ್ ಇಂಜಿನ್‌ನಲ್ಲಿ ಟ್ಯಾಪೆಟ್ ಒತ್ತುವ ಕ್ಯಾಮ್ ಅದರ ಅರ್ಧ ವೇಗದಲ್ಲಿ, ಹತ್ತು ಸುತ್ತು. ಒಂದೊಂದು ಸಿಲಿಂಡರಿನಲ್ಲಿ ಬೆಂಕಿ ಹೊತ್ತುವುದೂ ಸೆಕೆಂಡಿಗೆ ಹತ್ತೇ ಸಲ. ಆಲ್ಟರ್ನೇಟರ್ ಪುಲ್ಲಿ ಚಿಕ್ಕದು, ಕ್ರ್ಯಾಂಕಿಗಿಂತ ಎರಡು ಮೂರು ಪಟ್ಟು ವೇಗವಾಗಿ ತಿರುಗುತ್ತದೆ. ಅದರ ಬೇರಿಂಗ್ ಹೋಗಿದ್ದರೆ ಗೊರಗೊರ ಅಥವಾ ಕಿರ್ರೆನ್ನುವ ಸದ್ದು ಬರಬೇಕೇ ಹೊರತು ಹೀಗೆ ಎಣಿಸುವಂತೆ ಬಿಡಿಬಿಡಿಯಾಗಿ ಅಲ್ಲ. ಬೆಲ್ಟು, ಪುಲ್ಲಿ, ವಾಟರ್ ಪಂಪ್ ಎಲ್ಲ ಅಲ್ಲಿಗೇ ಪಟ್ಟಿಯಿಂದ ಹೊರಗೆ. ಉಳಿದದ್ದು ಯಾವುದೋ ಒಂದು ಸಿಲಿಂಡರ್. ನಾಲ್ಕರಲ್ಲೂ ತೊಂದರೆ ಇದ್ದಿದ್ದರೆ ಸೆಕೆಂಡಿಗೆ ನಲವತ್ತು ಬರಬೇಕಿತ್ತು.

ಯಾವ ಸಿಲಿಂಡರ್ ಅಂತ ತಿಳಿಯಲು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳ ಕನೆಕ್ಟರನ್ನು ಒಂದೊಂದಾಗಿ ಕಿತ್ತು ಕೇಳಿದೆ. ಕಾಯಿಲ್ ಕೀಳಲಿಲ್ಲ. ಕಾಯಿಲ್ ಕಿತ್ತರೆ ಕಿಡಿ ಮಾತ್ರ ನಿಲ್ಲುತ್ತದೆ, ಪೆಟ್ರೋಲ್ ಬೀಳುತ್ತಲೇ ಇರುತ್ತದೆ. ಸುಡದ ಆ ಪೆಟ್ರೋಲ್ ಹೋಗಿ ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆ. ಮೊದಲನೆಯದು ಕಿತ್ತಾಗ ಇಂಜಿನ್ ನಡುಗಿತು, ಟಿಕ್ ಹಾಗೇ ಇತ್ತು. ಎರಡು, ಮೂರು, ಅದೇ ಕಥೆ. ನಾಲ್ಕನೆಯದು ಕಿತ್ತ ಕೂಡಲೇ ಟಿಕ್ ಬಹುತೇಕ ಅಡಗಿಹೋಯಿತು. ಮತ್ತೆ ಸಿಕ್ಕಿಸಿದೆ, ಬಂತು. ಕಿತ್ತೆ, ಹೋಯಿತು. ಟ್ಯಾಪೆಟ್ ಆಗಿದ್ದರೆ ಪೆಟ್ರೋಲ್ ಉರಿಯಲಿ ಬಿಡಲಿ, ಕ್ಯಾಮ್ ಅದನ್ನು ಒತ್ತುತ್ತಲೇ ಇರುತ್ತದೆ, ಸದ್ದು ನಿಲ್ಲುತ್ತಿರಲಿಲ್ಲ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಿಲಿಂಡರಿನ ಬೆಂಕಿಗೆ ಕಟ್ಟುಬಿದ್ದ ಸದ್ದು ಅಂದಮೇಲೆ ಅದು ಕನೆಕ್ಟಿಂಗ್ ರಾಡ್ ಬೇರಿಂಗ್ ಕೂಡ ಆಗಿರಬಹುದು, ಪಿಸ್ಟನ್ ಸವೆದು ಗೋಡೆಗೆ ಬಡಿಯುತ್ತಿರಬಹುದು. ರಾಡ್ ಬೇರಿಂಗ್ ಇರಲಾರದು ಅಂತ ಸಮಾಧಾನ ಮಾಡಿಕೊಂಡೆ. ಅದರ ಸದ್ದು ಆಳವಾಗಿರುತ್ತದೆ, ಇಂಜಿನ್ ಬಿಸಿಯಾಗಿ ಆಯಿಲ್ ತೆಳುವಾದಂತೆ ಜಾಸ್ತಿಯಾಗುತ್ತದೆ, ಕಡಿಮೆಯಾಗುವುದಿಲ್ಲ. ಆದರೆ ಪಿಸ್ಟನ್ ಬಡಿತ ತಣ್ಣಗಿದ್ದಾಗಲೇ ಬರುವುದು, ಬಿಸಿಯಾದರೆ ಹೋಗುವುದು. ಅದನ್ನು ತಳ್ಳಿಹಾಕಲು ನನ್ನ ಹತ್ತಿರ ಏನೂ ಇರಲಿಲ್ಲ.

ಉಳಿದಿದ್ದ ಇನ್ನೊಂದು ಸಾಧ್ಯತೆ, ಸಿಲಿಂಡರಿನಿಂದ ಹೊರಬರುವ ಹೊಗೆ ಎಲ್ಲೋ ಸೋರುತ್ತಿರುವುದು. ಬೆಳಿಗ್ಗೆ ಬೆರಳು ಗಾತ್ರದ ರಬ್ಬರ್ ಪೈಪೊಂದನ್ನು ಒಂದೂವರೆ ಮೀಟರ್ ಕತ್ತರಿಸಿಕೊಂಡೆ. ಲೋಹದ ಬಡಿತ ಹುಡುಕಲು ಉದ್ದ ಸ್ಕ್ರೂಡ್ರೈವರ್ ಸಾಕು, ತುದಿಯನ್ನು ಇಂಜಿನ್ನಿಗೆ ಒತ್ತಿ ಹಿಡಿಕೆಯನ್ನು ಕಿವಿಗೆ ಆನಿಸಿದರೆ ಒಳಗಿನದೆಲ್ಲ ಕೇಳುತ್ತದೆ. ಸೋರುವ ಗಾಳಿಗೆ ಮಾತ್ರ ಪೈಪೇ ಬೇಕು. ಒಂದು ತುದಿ ಕಿವಿಯ ಹತ್ತಿರ, ಇನ್ನೊಂದು ತುದಿಯನ್ನು ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಉದ್ದಕ್ಕೂ ನಿಧಾನವಾಗಿ ಸರಿಸಿದೆ. (ಇದನ್ನು ಮಾಡುವವರು ದಯವಿಟ್ಟು ತೋಳು ಮಡಚಿ, ಬೆಲ್ಟಿನಿಂದ ದೂರ ನಿಲ್ಲಿ. ರೇಡಿಯೇಟರ್ ಫ್ಯಾನ್ ಹೇಳದೆ ಕೇಳದೆ ಶುರುವಾಗುತ್ತದೆ. ಬಯಲಲ್ಲೇ ಮಾಡಿ, ಮುಚ್ಚಿದ ಶೆಡ್ಡಿನಲ್ಲಿ ಬೇಡ.) ಮೂರನೇ ಸಿಲಿಂಡರ್ ದಾಟುವವರೆಗೆ ಬರೀ ಗುಂಯ್ ಅನ್ನುವ ಸದ್ದು. ನಾಲ್ಕನೆಯದರ ತುದಿಗೆ ಬಂದಾಗ ಯಾರೋ ಕಿವಿಯೊಳಗೆ ಫಟ್ ಫಟ್ ಅಂತ ಊದಿದ ಹಾಗಾಯಿತು. ಪೈಪ್ ಬೀಳಿಸಿಬಿಟ್ಟೆ.

ಇಂಜಿನ್ ಆರಿಸಿ, ಪೂರ್ತಿ ತಣಿಯಲು ಬಿಟ್ಟು, ಹೀಟ್ ಶೀಲ್ಡ್ ಬಿಚ್ಚಿದೆ. ಮ್ಯಾನಿಫೋಲ್ಡ್ ಹೆಡ್ಡಿಗೆ, ಅಂದರೆ ಸಿಲಿಂಡರ್‌ಗಳ ಮೇಲೆ ಕೂರುವ ಭಾಗಕ್ಕೆ, ಅಂಟಿಕೊಳ್ಳುವ ಜಾಗದಲ್ಲಿ ಹೆಬ್ಬೆರಳಗಲ ಕಪ್ಪು ಮಸಿ. ಪಕ್ಕದಲ್ಲಿ ನಟ್ ಇರಬೇಕಾದ ಕಡೆ ಖಾಲಿ. ಎರಡನ್ನೂ ಬಿಗಿದಿಡುವ ಸ್ಟಡ್‌ಗಳಲ್ಲಿ (ತಲೆಯಿಲ್ಲದ ಬೋಲ್ಟ್) ಕೊನೆಯದು ಮುರಿದು, ನಟ್ ಸಮೇತ ಎಲ್ಲೋ ಬಿದ್ದುಹೋಗಿತ್ತು.

ತುದಿಯ ಸ್ಟಡ್ಡೇ ಮುರಿಯುವುದಕ್ಕೆ ಕಾರಣ ಇದೆ. ಹೆಡ್ ಅಲ್ಯೂಮಿನಿಯಂ, ಮ್ಯಾನಿಫೋಲ್ಡ್ ಬೀಡು ಕಬ್ಬಿಣ. ಅಲ್ಯೂಮಿನಿಯಂ ಒಂದು ಮೀಟರ್ ಉದ್ದಕ್ಕೆ, 100 ಡಿಗ್ರಿ ಏರಿದರೆ ಸುಮಾರು 2.3 ಮಿಲಿಮೀಟರ್ ಹಿಗ್ಗುತ್ತದೆ. ಬೀಡು ಕಬ್ಬಿಣ ಅದರ ಅರ್ಧದಷ್ಟು, ಆದರೆ ಅದು ಬಿಸಿಯಾಗುವುದು ಹೆಡ್ಡಿಗಿಂತ ಎಷ್ಟೋ ಹೆಚ್ಚು. ಹೀಗೆ ಎರಡೂ ತಮ್ಮ ತಮ್ಮ ಲೆಕ್ಕದಲ್ಲಿ ಹಿಗ್ಗಿ ಕುಗ್ಗುವಾಗ ನಡುವಿನ ಸ್ಟಡ್ ಅಲ್ಲಾಡುವುದು ಕಡಿಮೆ, ತುದಿಯವು ಅತ್ತಿತ್ತ ಬಾಗುತ್ತಲೇ ಇರುತ್ತವೆ. ಹನ್ನೊಂದು ವರ್ಷ ಬಾಗಿ ಬಾಗಿ ಕೊನೆಗೆ ತುಂಡಾಗಿದೆ. ಬಿಸಿಯಾದಾಗ ಮ್ಯಾನಿಫೋಲ್ಡ್ ಹಿಗ್ಗಿ ಸಂದನ್ನು ಮುಚ್ಚುತ್ತಿತ್ತು. ಆ ಆರು ನಿಮಿಷದ ಅರ್ಥ ಅಷ್ಟೇ.

ಅಮ್ಮ ಹೇಳಿದ ವಾಸನೆಯೂ ಆಗಲೇ ಅರ್ಥವಾಗಿ ಎದೆ ಧಸಕ್ಕೆಂದಿತು. ಬಾನೆಟ್ ಒಳಗೆ ಸೋರಿದ ಹೊಗೆ ಹೊರಗಾಳಿಯ ಕಿಂಡಿಯಿಂದ ನೇರ ಅವಳ ಮುಖಕ್ಕೆ ಬರುತ್ತಿತ್ತು. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಜೊತೆಗೆ ಬರುವ ಬೇರೆ ಅನಿಲಗಳ ಕಮಟು ಇದ್ದಿದ್ದರಿಂದ ಅವಳಿಗೆ ತಿಳಿಯಿತು. ರಿಪೇರಿ ಆಗುವವರೆಗೆ ಕಾರು ಹೊರಗೆ ತೆಗೆಯಲಿಲ್ಲ.

ಮುರಿದ ಸ್ಟಡ್ ತೆಗೆಯುವುದು ನನ್ನ ಕೈಯಲ್ಲಿ ಆಗುವ ಕೆಲಸವಲ್ಲ. ಅದಕ್ಕೆ ವಯಸ್ಸಾದ ಒಬ್ಬ ಮೆಕ್ಯಾನಿಕ್ ಮನೆಗೇ ಬಂದರು. ಸ್ಟಡ್ಡಿನ ಮೊಂಡು ಎರಡು ಮಿಲಿಮೀಟರ್ ಹೊರಗೆ ಚಾಚಿತ್ತು. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಸಿದ್ದರು. ಬ್ಯಾಟರಿಯ ಕೇಬಲ್ ಬಿಚ್ಚಿ, ಮೊಂಡಿನ ಮೇಲೆ ಎಂಟು ಮಿಲಿಮೀಟರಿನ ನಟ್ ಇಟ್ಟು, ಅದರ ತೂತಿನೊಳಗೇ ವೆಲ್ಡ್ ಮಾಡಿದರು. ಮೊದಲ ಸಲ ತಿರುಗಿಸಿದಾಗ ವೆಲ್ಡ್ ಬಿಟ್ಟುಕೊಂಡಿತು. ಅವರು ಬೇಸರಪಡಲಿಲ್ಲ. "ಕಾವು ಒಳಗೆ ಇಳಿದಿದೆ, ಈ ಸಲ ಬರುತ್ತೆ ನೋಡಿ," ಅಂದರು. ಇನ್ನೊಂದು ನಟ್, ಇನ್ನೊಂದು ವೆಲ್ಡ್. ಸ್ವಲ್ಪ ತಣಿಯಲು ಬಿಟ್ಟು ಸ್ಪ್ಯಾನರ್ ಹಾಕಿ ಕಾಲು ಸುತ್ತು ಹಿಂದೆ, ಅರ್ಧ ಕಾಲು ಮುಂದೆ, ಮತ್ತೆ ಹಿಂದೆ. ಕಿರ್ರ್ ಅಂತ ಸಡಿಲವಾಗಿ ಪೂರ್ತಿ ಹೊರಬಂತು. ಹೆಡ್ಡಿನ ತೂತಿನ ಥ್ರೆಡ್ಡಿಗೆ ಏನೂ ಆಗಿರಲಿಲ್ಲ.

ಸ್ಟೀಲ್ ಪಟ್ಟಿಯಿಟ್ಟು, ಸಂದು ಅಳೆಯುವ ಫೀಲರ್ ಗೇಜ್ ತೂರಿಸಿ ನೋಡಿದರೆ ಮ್ಯಾನಿಫೋಲ್ಡ್ ಆ ತುದಿಯಲ್ಲಿ 0.2 ಮಿಲಿಮೀಟರ್ ಸೊಟ್ಟಗಾಗಿತ್ತು. ಹಾಗೇ ಕೂರಿಸಿದ್ದರೆ ಹೊಸ ಗ್ಯಾಸ್ಕೆಟ್ಟೂ ಬೇಗ ಸುಟ್ಟುಹೋಗುತ್ತಿತ್ತು. ಲೇತಿನವರ ಹತ್ತಿರ ಸಮ ಮಾಡಿಸಿ, ಎಲ್ಲ ಸ್ಟಡ್ಡೂ ನಟ್ಟೂ ಹೊಸದು ಹಾಕಿ, ನಡುವಿನಿಂದ ಶುರುಮಾಡಿ ತುದಿಯ ಕಡೆಗೆ ಎರಡು ಸುತ್ತಿನಲ್ಲಿ ಟಾರ್ಕ್ ರೆಂಚಿನಿಂದ ಬಿಗಿಮಾಡಿದೆವು.

ಸ್ಕ್ಯಾನರ್‌ನಲ್ಲಿ ಫ್ಯೂಯಲ್ ಟ್ರಿಮ್, ಅಂದರೆ ಇಂಜಿನ್ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವುದು, ಮುಂಚೆ 12 ಪರ್ಸೆಂಟ್ ಹೆಚ್ಚು ತೋರಿಸುತ್ತಿತ್ತು. ಸಂದಿನಿಂದ ಹೊಗೆ ಹೊರಗೆ ಹೋಗುವುದಷ್ಟೇ ಅಲ್ಲ, ಎರಡು ಬಡಿತದ ನಡುವೆ ಹೊರಗಾಳಿ ಒಳಗೂ ಎಳೆಯಲ್ಪಡುತ್ತದೆ. ಆ ಗಾಳಿ ಕಂಡು ಆಕ್ಸಿಜನ್ ಸೆನ್ಸರ್ ಪೆಟ್ರೋಲ್ ಕಡಿಮೆಯಾಗಿದೆ ಅಂತ ಸುದ್ದಿ ಕೊಡುತ್ತಿತ್ತು, ಅದನ್ನು ನಂಬಿ ಇಂಜಿನ್ ಕಂಪ್ಯೂಟರ್ ಹೆಚ್ಚು ಸುರಿಸುತ್ತಿತ್ತು. ಒಂದು ವಾರ ಓಡಿಸಿದ ಮೇಲೆ 3ಕ್ಕೆ ಇಳಿದಿದೆ.

ನಿನ್ನೆ ಬೆಳಿಗ್ಗೆ ಅಮ್ಮನನ್ನು ಕೂರಿಸಿಕೊಂಡು ಸ್ಟಾರ್ಟ್ ಮಾಡಿದೆ. ಇಬ್ಬರೂ ಮಾತಾಡಲಿಲ್ಲ. ಗೇಟು ದಾಟಿದ ಮೇಲೆ ಅವಳು ಕೈ ಚಾಚಿ ಮೂರು ವಾರದಿಂದ ಮುಚ್ಚಿದ್ದ ಕಿಂಡಿಯನ್ನು ತೆರೆದಳು.