ಅಧಿಕ ಮಾಸದಲ್ಲಿ ಬಾಡಿಗೆ ಮನೆ

19 ಜುಲೈ 2023, ಬುಧವಾರ
ಮೈಸೂರು

ಇವತ್ತಿಗೆ ನೋಡಿದ ಮನೆಗಳು ಏಳು. ಯೆಮನ್‌ನಿಂದ ಪಿಎಚ್.ಡಿ. ಮಾಡಲು ನಮ್ಮ ವಿಭಾಗಕ್ಕೆ ಬಂದಿರುವ ಗೆಳೆಯ ಹೆಂಡತಿ, ಮಗಳೊಂದಿಗೆ ಲಾಡ್ಜ್ ಸೇರಿ ಒಂಬತ್ತು ದಿನವಾಯಿತು. ಹಾಸ್ಟೆಲ್‌ನಲ್ಲಿ ಸಂಸಾರಸ್ಥರಿಗೆ ಜಾಗವಿಲ್ಲ.

ಸರಸ್ವತಿಪುರಂನ ಮೊದಲ ಮನೆಯವರು ಅವನ ಮುಖ ಕಂಡೊಡನೆ "ಆಗಲೇ ಕೊಟ್ಟಾಯಿತು" ಎಂದರು. ಬೋರ್ಡು ಇನ್ನೂ ಗೇಟಿನಲ್ಲೇ ತೂಗಾಡುತ್ತಿತ್ತು. ಇನ್ನೊಬ್ಬರು ಅಡುಗೆಯಲ್ಲಿ ಏನೇನು ಮಾಡುತ್ತೀರಿ ಎಂದು ವಿಚಾರಿಸಿದರು. ಮತ್ತೊಬ್ಬರದು ಸಭ್ಯ ಉತ್ತರ: "ಅಧಿಕ ಮಾಸ ಕಳೆಯಲಿ, ನೋಡೋಣ." ಅಧಿಕ ಶ್ರಾವಣ ಶುರುವಾದದ್ದೇ ನಿನ್ನೆ, ಮುಗಿಯುವುದು ಆಗಸ್ಟ್ 16ಕ್ಕೆ. ಇವನ ಬಳಿ ಉಳಿದಿರುವುದು ಐದೇ ದಿನ. 180 ದಿನಕ್ಕಿಂತ ಹೆಚ್ಚಿನ ವಿದ್ಯಾರ್ಥಿ ವೀಸಾ ಇದ್ದವರು ಬಂದ 14 ದಿನಗಳೊಳಗೆ ವಿದೇಶಿಯರ ನೋಂದಣಿ ಕಚೇರಿಯಾದ ಎಫ್‌ಆರ್‌ಆರ್‌ಒದಲ್ಲಿ ಹೆಸರು ನೋಂದಾಯಿಸಬೇಕು. 2018ರಿಂದ ಅರ್ಜಿಯೇನೋ ಆನ್‌ಲೈನ್ ಆಗಿದೆ, ಆದರೆ ವಾಸದ ವಿಳಾಸಕ್ಕೆ ದಾಖಲೆ ಕೊಡಬೇಕು. ಬ್ಯಾಂಕಿನವರು ಆ ನೋಂದಣಿ ಪತ್ರ ತನ್ನಿ ಎನ್ನುತ್ತಾರೆ. ಖಾತೆ ಇಲ್ಲದೆ ಅಡ್ವಾನ್ಸನ್ನು ನಗದಾಗಿ ಎಣಿಸಬೇಕು. ಅಷ್ಟು ನೋಟು ಕಂಡರೆ ಮಾಲೀಕರಿಗೆ ಮತ್ತೊಂದು ಅನುಮಾನ.

ಶನಿವಾರ ವಿಶ್ವವಿದ್ಯಾಲಯದ ಕಚೇರಿಯವರು ಸ್ವಾಗತ ಸಮಾರಂಭದಲ್ಲಿ ಅವನಿಗೆ ಮೈಸೂರು ಪೇಟ ತೊಡಿಸಿದ್ದರು. ಚೆನ್ನಾಗಿಯೇ ಒಪ್ಪುತ್ತಿತ್ತು. ಮನೆ ಮಾಲೀಕರಿಗೆ ತೋರಿಸಲು ಒಂದು ಪತ್ರ ಬರೆದುಕೊಡಿ ಎಂದು ಸೋಮವಾರ ಹೋಗಿ ಕೇಳಿದರೆ, ಅದು ನಮ್ಮ ಕೆಲಸವಲ್ಲ ಎಂದರು ಅದೇ ಕಚೇರಿಯವರು. ಪೇಟದ ದುಡ್ಡಿನಲ್ಲಿ ಎಷ್ಟು ಪತ್ರ ಅಚ್ಚು ಹಾಕಿಸಬಹುದಿತ್ತೋ!

ಏಳನೆಯದು ಕುವೆಂಪುನಗರದಲ್ಲಿ, ನಿವೃತ್ತ ಮೇಷ್ಟ್ರ ಮನೆಯ ಮಹಡಿ. ಅವರಿಗೆ ಫಾರ್ಮ್ ಸಿ ಭಯ. ವಿದೇಶಿಯರಿಗೆ ಮನೆ ಕೊಟ್ಟವರು 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸುವ ಅರ್ಜಿ ಅದು. "ಪೊಲೀಸರು ಮನೆ ಬಾಗಿಲಿಗೆ ಬರುತ್ತಾರೇನಮ್ಮಾ?" ಎಂದು ಎರಡು ಸಲ ಕೇಳಿದರು. ಅರ್ಜಿಯಲ್ಲಿ ಏನೇನು ಕೇಳುತ್ತಾರೆಂದು ಅವರ ಮೊಬೈಲಿನಲ್ಲೇ ತೆರೆದು ತೋರಿಸಿದೆ. ಪಾಸ್‌ಪೋರ್ಟ್ ಹಿಡಿದು ಮೇಷ್ಟ್ರು ಹೆಸರು ಓದತೊಡಗಿದರು. ನಾಲ್ಕು ಪದ. ಅವನದು, ಅಪ್ಪನದು, ಅಜ್ಜನದು, ಕೊನೆಗೆ ಮನೆತನದ್ದು.

"ನಮ್ಮದೂ ಹೀಗೆಯೇ ಅಲ್ಲವೇ? ಊರು, ಅಪ್ಪ, ಆಮೇಲೆ ನಾನು," ಎಂದವರು, ತಮ್ಮ ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೇ ತಮ್ಮ ಹೆಸರಾಗಿ ಅಚ್ಚಾದ ಕಥೆಯನ್ನು ಅರ್ಧ ಗಂಟೆ ಹೇಳಿದರು. ನಾನು ಅನುವಾದಿಸುತ್ತಿದ್ದೆ. ಅಷ್ಟರಲ್ಲಿ ಮಗು ಅವರ ದಿವಾನದ ಮೇಲೆ ನಿದ್ದೆ ಹೋಗಿತ್ತು.

ಮನೆ ಕೊಡುತ್ತಾರಂತೆ. ಅಡ್ವಾನ್ಸ್ ಮಾತ್ರ ಹತ್ತು ತಿಂಗಳದ್ದು, ಒಂದು ರೂಪಾಯಿಯೂ ಕಡಿಮೆ ಇಲ್ಲ. ನಾಳೆ ಬೆಳಿಗ್ಗೆ ಛಾಪಾ ಕಾಗದ ತರಬೇಕು, ವಿಭಾಗದಲ್ಲಿ ಯಾರ್‍ಯಾರ ಬಳಿ ಎಷ್ಟೆಷ್ಟು ಸಾಲ ಸಿಗುತ್ತದೆಂದು ಕೇಳಬೇಕು.